ಲಕ್ಷ್ಮಣಫಲದ ಸ್ಯಾಂಪಲ್ಲು

ಬಣಕಲ್ ಸುತ್ತಮುತ್ತ ನನ್ನ ಗಂಡನಷ್ಟು ಚೆಂದವಾಗಿ ಕಾಫಿಯ ಸ್ಯಾಂಪಲ್ಲು ಮಾಡುವವರು ಇನ್ನೊಬ್ಬರಿಲ್ಲ ಎಂದು ಜನ ಹೇಳುತ್ತಿದ್ದರು. ಅದು ಹೊಗಳಿಕೆಯೋ ಕುಹಕವೋ ನನಗೆ ಕೊನೆಗೂ ತಿಳಿಯಲಿಲ್ಲ. ಅವರು ಮಾತ್ರ ಹೊಗಳಿಕೆ ಎಂದೇ ನಂಬಿ ಮೀಸೆ ಸವರಿಕೊಳ್ಳುತ್ತಿದ್ದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಂಥ ಸಣ್ಣ ತೋಟದವರು ಕಾಫಿ ಮಾರುವ ಮೊದಲು ಒಂದು ಬಟ್ಟೆಚೀಲದಲ್ಲಿ ಸ್ವಲ್ಪ ಕಾಫಿ ಹಾಕಿಕೊಂಡು ಹೋಗಿ ಮೂಡಿಗೆರೆಯ ವ್ಯಾಪಾರಿಗೆ ತೋರಿಸುತ್ತಾರೆ. ಅದೇ ಸ್ಯಾಂಪಲ್ಲು. ವ್ಯಾಪಾರಿ ಅದನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, ತೇವ ಅಳೆಯುವ ಮೀಟರಿಗೆ ಹಾಕಿ ಬೆಲೆ ಹೇಳುತ್ತಾನೆ. ನನ್ನ ಗಂಡ ಆ ಚೀಲಕ್ಕಾಗಿ ಜಗುಲಿಯಲ್ಲಿ ಮೊರ ಹಿಡಿದು ಕೂತರೆಂದರೆ ಮನೆಗೆ ಯಾರು ಬಂದರೂ ತಲೆ ಎತ್ತುತ್ತಿರಲಿಲ್ಲ. ಕಪ್ಪು ಕಾಳು, ಒಡಕು ಕಾಳು, ಹುಳ ಕೊರೆದ ಕಾಳು ಎಲ್ಲವನ್ನೂ ಆರಿಸಿ ತೆಗೆದು, ಉಳಿದದ್ದಕ್ಕೆ ಮತ್ತೊಂದು ಬಿಸಿಲು ತೋರಿಸಿ, ಗರಿಗರಿ ಮಾಡಿ ಒಯ್ಯುವುದು. ಮದುವಣಗಿತ್ತಿಗೂ ಅಷ್ಟು ಸಿಂಗಾರ ಮಾಡುವುದಿಲ್ಲ.

ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದೆ: “ಮೂಟೇಲಿ ಇರೋದೇ ಬೇರೆ ಅಲ್ವಾ?”

“ಅದು ಅವ್ರಿಗೂ ಗೊತ್ತು, ನಂಗೂ ಗೊತ್ತು. ಸ್ಯಾಂಪಲ್ ಅಂದ್ರೆ ಸ್ಯಾಂಪಲ್ಲು ಮಾರಾಯ್ತಿ.”

ಅದು ಮೋಸವೂ ಅಲ್ಲ. ಇಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ, ವ್ಯಾಪಾರಿ ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಬೆಲೆ ಇಳಿಸಿರುತ್ತಾನೆ. ಇಬ್ಬರೂ ನಕ್ಕು, ಕಾಫಿ ಕುಡಿದು ಎದ್ದು ಬರುತ್ತಾರೆ. ಅದು ಕಾಫಿಯ ಮಟ್ಟಿಗೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಅವರಿಗೆ ಶುಗರ್ ಇದೆ ಎಂದು ಗೊತ್ತಾದದ್ದು ಮರಗಸಿಯ ಸಮಯದಲ್ಲಿ. ನೆರಳಿನ ಮರದ ಕೊಂಬೆ ಕಡಿಸುವಾಗ ಕಾಲಿಗೆ ತಗುಲಿದ ಗಾಯ ಮಾಯಲೇ ಇಲ್ಲ. ಪೇಟೆಯ ಡಾಕ್ಟರು ರಕ್ತ ತೆಗೆಸಿ ನೋಡಿ, ಶುಗರ್ ಜೊತೆಗೆ ಬಿಪಿಯೂ ಇದೆ ಎಂದು ಎರಡು ಬಗೆಯ ಗುಳಿಗೆ ಬರೆದುಕೊಟ್ಟರು. ಆಗಾಗ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ರಿಪೋರ್ಟು ತರಬೇಕೆಂದರು. ರಿಪೋರ್ಟು ಎಂಬ ಮಾತು ಕೇಳಿದ್ದೇ ತಡ, ನನ್ನ ಗಂಡನಿಗೆ ಆ ಡಾಕ್ಟರು ಮೂಡಿಗೆರೆಯ ವ್ಯಾಪಾರಿಯ ಹಾಗೆ ಕಂಡಿರಬೇಕು.

ಅಲ್ಲಿಂದ ಶುರುವಾಯಿತು. ವರ್ಷವಿಡೀ ಕಡುಬು, ಪಾಯಸ, ಎರಡೆರಡು ಚಮಚ ಸಕ್ಕರೆಯ ಕಾಫಿ. ಲ್ಯಾಬಿಗೆ ಹೋಗುವ ದಿನ ಹತ್ತಿರ ಬಂತೆಂದರೆ ಮಾತ್ರ ಅನ್ನ ಬಿಟ್ಟು ರಾಗಿಮುದ್ದೆ, ಎಸ್ಟೇಟು ರಸ್ತೆಯಲ್ಲಿ ವಾಕಿಂಗು, ಹಾಗಲಕಾಯಿ ರಸ. ರಕ್ತ ಕೊಟ್ಟು ಬಂದ ದಿನವೇ ಬಣಕಲ್ಲಿನ ಹೋಟೆಲಿನಲ್ಲಿ ಮೈಸೂರುಪಾಕು. ನಾನು ಬೈದರೆ, “ರಕ್ತ ಕೊಟ್ಟಾಯ್ತಲ್ಲ” ಎನ್ನುತ್ತಿದ್ದರು. ತನ್ನ ಮೈಯ ರಕ್ತಕ್ಕೇ ಸ್ಯಾಂಪಲ್ಲು ಮಾಡುವ ಮನುಷ್ಯನಿಗೆ ಏನು ಹೇಳುವುದು?

ನಮ್ಮ ಕಾಫಿ ಒಣಗಿಸುವ ಕಣದ ಬದಿಯಲ್ಲಿ ಒಂದು ಮರವಿದೆ. ಹಸಿರು ಮೈಯ ತುಂಬ ಮೆತ್ತನೆ ಮುಳ್ಳಿರುವ, ಒಳಗೆ ಬಿಳಿ ತಿರುಳಿರುವ ಹುಳಿಸಿಹಿ ಹಣ್ಣು. ಅದನ್ನು ನಾವು ಮುಳ್ಳು ರಾಮಫಲ ಎನ್ನುತ್ತಿದ್ದೆವು, ತಿನ್ನುತ್ತಿದ್ದದ್ದು ಬಾವಲಿಗಳು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಫೋನಿನಲ್ಲಿ ಸಂದೇಶ ಬಂತು, ಬಾವಲಿಯ ಹಣ್ಣು ಲಕ್ಷ್ಮಣಫಲವಾಯಿತು. ಕ್ಯಾನ್ಸರಿಗೆ ಅದಂತೆ, ಶುಗರಿಗೆ ಅದಂತೆ, ಬಿಪಿಗೆ ಅದಂತೆ. ದೇವರ ತಮ್ಮನ ಹೆಸರು ಬಂದ ಮೇಲೆ ಕೇಳುವುದೇನಿದೆ? ಮಲ್ಲಂದೂರಿನಿಂದ, ಕಳಸದಿಂದ ಕಾರು ಮಾಡಿಕೊಂಡು ಜನ ಎಲೆ ಕೇಳಿಕೊಂಡು ಬರತೊಡಗಿದರು.

ನನ್ನ ಗಂಡ ಯಾರಿಂದಲೂ ಒಂದು ಕಾಸು ಮುಟ್ಟಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬೇರೆ. ದೊಡ್ಡ ಎಸ್ಟೇಟಿನವರ ಎದುರು ಜೀವಮಾನವಿಡೀ ಬದಿಗೆ ಸರಿದು ನಿಂತ ಮನುಷ್ಯ ಅವರು. ಈಗ ಅದೇ ಎಸ್ಟೇಟಿನವರು ನಮ್ಮ ಜಗುಲಿಯಲ್ಲಿ ಕೂತು, “ಎಷ್ಟು ಎಲೆ ಹಾಕ್ಬೇಕು, ಎಷ್ಟು ಹೊತ್ತು ಕುದಿಸ್ಬೇಕು, ನೀವೇ ಹೇಳಿ” ಎಂದು ಕೇಳುತ್ತಿದ್ದರು. ಇವರು ಕಾಲ ಮೇಲೆ ಕಾಲು ಹಾಕಿ, ಹಣೆಗೆ ಕೈಹಚ್ಚಿ ಯೋಚಿಸಿ, ಕಾಯಿಲೆಗೊಂದು ಲೆಕ್ಕ ಹೇಳುತ್ತಿದ್ದರು. ಆ ಲೆಕ್ಕ ಅವರಿಗೆ ಯಾರು ಹೇಳಿಕೊಟ್ಟರೋ ಆ ಲಕ್ಷ್ಮಣನಿಗೇ ಗೊತ್ತು.

ಹೇಳುವವರು ಕುಡಿಯದೆ ಇದ್ದರೆ ಆಗುತ್ತದೆಯೇ? ಮೊದಲು ಲ್ಯಾಬಿಗೆ ಹೋಗುವ ಮುಂಚೆ ಮಾತ್ರ ಎಲೆಯ ಕಷಾಯ, ಹಣ್ಣಿದ್ದರೆ ಹಣ್ಣಿನ ರಸ. ಆ ಸಲದ ರಿಪೋರ್ಟು ಚೆನ್ನಾಗಿ ಬಂತು. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತೋರಿಸಿದರು. ಆದರೆ ಡಾಕ್ಟರು ದಡ್ಡರಲ್ಲ. ಮೂರು ತಿಂಗಳ ಸರಾಸರಿ ಹೇಳುವ ಇನ್ನೊಂದು ಪರೀಕ್ಷೆ ಬರೆದರು. ಅದರಲ್ಲಿ ಬಂಡವಾಳ ಬಯಲಾಯಿತು.

ಮನೆಗೆ ಬಂದು ಮುಖ ಸಣ್ಣದು ಮಾಡಿಕೊಂಡು ಹೇಳಿದರು: “ಇದು ಮೂಟೆ ಮಧ್ಯಕ್ಕೇ ಕೊಳವೆ ಚುಚ್ಚಿ ತೆಗ್ದಂಗಾಯ್ತಲ್ಲೇ.”

“ಹಂಗಾದ್ರೆ ಮೂಟೇನೇ ಸರಿ ಮಾಡ್ಕೊಳ್ಳಿ” ಎಂದೆ. ಸಕ್ಕರೆ ಬಿಡಿ, ನಡೆಯಿರಿ, ಗುಳಿಗೆ ತಪ್ಪಿಸಬೇಡಿ ಎಂಬುದು ನನ್ನ ಅರ್ಥ. ಅವರು ಮಾಡಿಕೊಂಡ ಅರ್ಥವೇ ಬೇರೆ. ಮರುದಿನದಿಂದ ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಕಷಾಯ. ಗುಳಿಗೆಗಳೂ ಜೊತೆಗೇ. ಅದರ ಕೆಲಸ ಅದು ಮಾಡಲಿ, ಇದರ ಕೆಲಸ ಇದು ಮಾಡಲಿ ಎಂಬುದು ಅವರ ವಾದ. ಎರಡೂ ಒಂದೇ ಕೆಲಸ ಮಾಡಿದರೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ.

ಕೊಯ್ಲಿನ ದಿನಗಳ ಒಂದು ಬೆಳಗ್ಗೆ, ಚಳಿಯಲ್ಲಿ ನಮ್ಮೆಲ್ಲರ ಹಲ್ಲು ಕಟಕಟಿಸುತ್ತಿದ್ದಾಗ, ಅವರು ಕಣದಲ್ಲಿ ಕಾಫಿ ಹರವುತ್ತಿದ್ದವರು ಹಾಗೆಯೇ ಕಾಫಿಯ ಮೇಲೆ ಕುಸಿದು ಕೂತರು. ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ಕರೆದರೆ ನನ್ನನ್ನು ಯಾರೋ ಎಂಬಂತೆ ನೋಡಿದರು. ಬೆಲ್ಲದ ನೀರು ಕುಡಿಸಿ, ಬೆರಳು ಚುಚ್ಚಿ ನೋಡುವ ಮನೆಯ ಮೀಟರಿನಲ್ಲಿ ನೋಡಿದರೆ ಶುಗರ್ ಪಾತಾಳಕ್ಕಿಳಿದಿತ್ತು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡ ಪುಣ್ಯಾತ್ಮರು ಮೊದಲು ಕೇಳಿದ್ದು ಮೀಟರು ಏನು ತೋರಿಸಿತು ಎಂದು. ಹೇಳಿದೆ.

“ಕಮ್ಮಿ ಬಂತಾ? ನೋಡ್ದ್ಯಾ ಮತ್ತೆ!” ಎಂದು ನಕ್ಕರು.

ಅವತ್ತು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಡಾಕ್ಟರ ಹತ್ತಿರ ಹೋದಾಗ ಬಿಪಿಯೂ ತೀರ ಕೆಳಗಿತ್ತು. ಡಾಕ್ಟರಿಗೆ ಆಶ್ಚರ್ಯ. ಗುಳಿಗೆಯಲ್ಲದೆ ಬೇರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಇವರು, “ಏನೂ ಇಲ್ಲ ಡಾಕ್ಟ್ರೇ” ಎಂದರು. ನಾನು ಪಕ್ಕದ ಸ್ಟೂಲಿನಲ್ಲಿ ಕೂತಿದ್ದವಳು ಸುಮ್ಮನಿರಲಿಲ್ಲ.

“ಸುಳ್ಳು ಡಾಕ್ಟ್ರೇ. ಎರಡು ಹೊತ್ತೂ ಲಕ್ಷ್ಮಣಫಲದ ಕಷಾಯ ಕುಡೀತಾರೆ.”

“ಅದನ್ನ ಬಿಟ್ಟು ಭಾಳ ದಿನ ಆಯ್ತು. ಈಗ ಕೊತ್ತಂಬರಿ ಜೀರಿಗೆ ಅಷ್ಟೇ. ಇವ್ಳಿಗೆ ಎಲ್ಲಾ ಒಂದೇ.” ಕಣ್ಣು ಮಿಟುಕಿಸದೆ ಹೇಳಿದರು. ನಾನು ಬೆಳಗ್ಗೆ ತೊಳೆದಿಟ್ಟು ಬಂದ ಚೊಂಬಿನಲ್ಲಿ ಆ ಎಲೆಯ ವಾಸನೆ ಇನ್ನೂ ಹೋಗಿರಲಿಲ್ಲ.

ನಾನು ಮತ್ತೆ ಬಾಯಿ ತೆರೆದೆ. ಅವರೂ ತೆರೆದರು. ಡಾಕ್ಟರ ಎದುರು ಗಂಡ ಹೆಂಡಿರ ಜಗಳವಾಯಿತು. ಹೊರಗೆ ಬಾಗಿಲಲ್ಲಿ ಜನ ಕಾದಿದ್ದರು. ಡಾಕ್ಟರು, “ಏನೇ ಕುಡಿದ್ರೂ ನಂಗೆ ಹೇಳಿ ಕುಡೀರಿ” ಎಂದು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಅವರೆದುರಿಗಿದ್ದದ್ದು ಗಂಡನ ಮಾತು, ಹೆಂಡತಿಯ ಮಾತು, ಮತ್ತು ಒಂದು ರಿಪೋರ್ಟು. ರಿಪೋರ್ಟನ್ನು ನಂಬಿದರು.

ಊರಿಗೆ ಬಂದ ಮೇಲೆ ಕೇಳಬೇಕೆ? ಕಷಾಯದಿಂದ ಗುಳಿಗೆ ಅರ್ಧಕ್ಕಿಳಿಯಿತೆಂದು ಡಂಗುರ. ಎಲೆಗೆ ಬರುವವರು ಹೆಚ್ಚಿದರು.

ಮುಂದಿನ ಕೊಯ್ಲು ಮುಗಿಯುವ ಹೊತ್ತಿಗೆ ಅವರು ಎಂದಿನಂತೆ ಸ್ಯಾಂಪಲ್ಲು ಮಾಡಲು ಮೊರ ಹಿಡಿದು ಕೂತರು. ಬಲಗೈ ಮೊರದ ಮೇಲೆ ಹೋಯಿತು, ಕಪ್ಪು ಕಾಳಿನ ಮೇಲೆ ನಿಲ್ಲಲಿಲ್ಲ. ಬೆರಳು ನಡುಗಿ ಪಕ್ಕದ ಕಾಳು ಹಿಡಿಯಿತು. ಮತ್ತೆ ಪ್ರಯತ್ನಿಸಿದರು. ಮೊರವೇ ಅಲುಗಿ ಕಾಳೆಲ್ಲ ಜಗುಲಿಯ ತುಂಬ ಚೆಲ್ಲಿತು. ಕನ್ನಡಕ ಸರಿಯಿಲ್ಲವೆಂದು ಕನ್ನಡಕವನ್ನು ಬೈದರು. ನಾನು ಕೂತು ಕಾಳು ಗುಡಿಸಿದೆ. ಆಮೇಲೆ ಅಂಗಿಯ ಗುಂಡಿ ಹಾಕಲು ಆಗದಾಯಿತು. ನಡಿಗೆ ಸಣ್ಣದಾಗಿ, ಹೆಜ್ಜೆ ನೆಲಕ್ಕೆ ಅಂಟಿಕೊಂಡಂತೆ ಆಯಿತು. ಮುಖದ ಮೇಲಿನ ನಗು ಹೋಯಿತು. ಸಿಟ್ಟಿಲ್ಲದಿದ್ದರೂ ಸಿಟ್ಟು ಬಂದ ಹಾಗೆ ಕಾಣತೊಡಗಿದರು.

ಪೇಟೆಯ ಡಾಕ್ಟರು ಮಂಗಳೂರಿಗೆ ಕಳಿಸಿದರು. ಅಲ್ಲಿ ನರದ ಡಾಕ್ಟರು, ವಯಸ್ಸಿನಲ್ಲಿ ಚಿಕ್ಕವರು, ಇವರನ್ನು ನಡೆಸಿ, ಬೆರಳು ಆಡಿಸಲು ಹೇಳಿ ನೋಡಿದರು. ಆಮೇಲೆ ಕಷಾಯ, ಬೇರು, ಹಣ್ಣು ಏನಾದರೂ ಉಂಟಾ ಎಂದು ಕೇಳಿದರು. ನಾನು ಈ ಸಲ ಇವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ಮರದ ಕಥೆಯನ್ನೆಲ್ಲ ಹೇಳಿದೆ. ಇವರು ಗೋಡೆ ನೋಡುತ್ತ ಕೂತಿದ್ದರು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಆ ಹಣ್ಣಲ್ಲಿ, ಎಲೆಯಲ್ಲಿ ನರಕ್ಕೆ ಆಗದ ಒಂದು ಅಂಶ ಉಂಟು. ತುಂಬ ದಿನ ತಿಂದವರಿಗೆ ಹೀಗೇ ನಡುಕ, ಬಿಗಿ ಬಂದದ್ದು ನೋಡಿದ್ದಾರೆ. ಇವರಿಗೆ ಅದರಿಂದಲೇ ಬಂತು ಅಂತ ನಾನು ಆಣೆ ಮಾಡಿ ಹೇಳುವುದಿಲ್ಲ. ಅಲ್ಲ ಅಂತಲೂ ಹೇಳುವುದಿಲ್ಲ. ಮೊದಲು ನಿಲ್ಲಿಸಬೇಕು. ನಿಲ್ಲಿಸಿದರೆ ಕೆಲವರಿಗೆ ಹತೋಟಿಗೆ ಬರ್ತದೆ. ಕೆಲವರಿಗೆ ಇಲ್ಲ.”

ಇವರು ಕಣದಲ್ಲಿ ಕುಸಿದು ಕೂತದ್ದನ್ನೂ ನಾನು ಹೇಳಿದೆ. ಶುಗರ್ ಗುಳಿಗೆ, ಬಿಪಿ ಗುಳಿಗೆಗಳ ಜೊತೆ ಅದು ಸೇರಿದರೆ ಎರಡೂ ಅತಿಯಾಗಿ ಇಳಿಯಬಹುದು ಎಂದರು. ರಕ್ತದ ಪ್ಲೇಟ್‌ಲೆಟ್ಟು ಕೂಡ ಇಳಿಯಬಹುದಂತೆ. ಕೊನೆಗೆ ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ: “ರಿಪೋರ್ಟು ನೋಡಿ ಮದ್ದು ಕೊಡುವವರು ನಾವು. ಅದರ ಹಿಂದೆ ಏನುಂಟು ಅಂತ ನೀವು ಹೇಳದಿದ್ದರೆ ನಾವು ಕಾಗದಕ್ಕೆ ಮದ್ದು ಕೊಟ್ಟ ಹಾಗೆ.”

ಕಾರಿನಲ್ಲಿ ಚಾರ್ಮಾಡಿ ಘಾಟಿ ಹತ್ತಿ ವಾಪಸು ಹೊರಟೆವು. ಕೊಟ್ಟಿಗೆಹಾರದ ಹತ್ತಿರ ಬಂದಾಗ ಇವರು ಮೆಲ್ಲಗೆ, “ಯಾರಿಗೂ ಹೇಳ್ಬೇಡ” ಎಂದರು.

“ಯಾಕೆ?”

“ಎಷ್ಟು ಜನಕ್ಕೆ ಕೊಟ್ಟಿದೀನಿ.”

ಆ ಜನರ ಬಗ್ಗೆ ಮರುಗಿ ಹಾಗೆ ಹೇಳಿದ್ದರೆ ನಾನು ಅಲ್ಲೇ ಅವರ ಕೈ ಹಿಡಿದುಕೊಳ್ಳುತ್ತಿದ್ದೆ. ಆದರೆ ಅವರಿಗೆ ಕಂಡದ್ದು ತನ್ನ ಮುಖ. ಜಗುಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಆ ಮನುಷ್ಯನನ್ನು ಬಿಟ್ಟುಕೊಡಲು ಅವರು ತಯಾರಿರಲಿಲ್ಲ, ನಡುಗುವ ಕೈಯನ್ನು ಬೇಕಾದರೆ ಇಟ್ಟುಕೊಳ್ಳುತ್ತಿದ್ದರು. ಕಷಾಯ ನಿಲ್ಲಿಸುತ್ತೇನೆ ಎಂದು ನನಗೆ ಮಾತು ಕೊಟ್ಟರು. ನಾನು ಸ್ನಾನಕ್ಕೆ ಹೋದಾಗಲೆಲ್ಲ ಒಲೆಯ ಮೇಲೆ ಎಲೆ ಕುದಿಯುತ್ತಿತ್ತು. ಬಚ್ಚಲಿನವರೆಗೂ ವಾಸನೆ ಬರುತ್ತಿತ್ತು. ಬಂದು ಚೆಲ್ಲುತ್ತಿದ್ದೆ, ಬೈಯುತ್ತಿದ್ದೆ, ಅಳುತ್ತಿದ್ದೆ. ಒಂದೂ ಅವರ ಕಿವಿಗೆ ಬೀಳಲಿಲ್ಲ. ಅದನ್ನು ನಿಲ್ಲಿಸಿದರೆ ತಾನು ಸೋತಂತೆ ಎಂದು ಅವರ ಹಟ. ಮರ ಕಡಿಸುತ್ತೇನೆಂದರೆ, “ನನ್ನ ಹೆಣ ಬಿದ್ಮೇಲೆ ಕಡ್ಸು” ಎಂದರು.

ಜನ ಬರುವುದು ನಿಂತಿರಲಿಲ್ಲ. ಬರುತ್ತೇವೆಂದು ಫೋನು ಬಂದರೆ ಸಾಕು, ಗಡ್ಡ ಹೆರೆಸಿಕೊಂಡು, ಬಿಳಿ ಅಂಗಿ ಹಾಕಿಸಿಕೊಂಡು ಜಗುಲಿಯ ಕುರ್ಚಿಯಲ್ಲಿ ಮೊದಲೇ ಕೂರುತ್ತಿದ್ದರು, ನಡಿಗೆ ಯಾರಿಗೂ ಕಾಣದ ಹಾಗೆ. ಬಲಗೈ ಮಡಿಲಲ್ಲಿ, ಅದರ ಮೇಲೆ ಶಾಲು. ಆ ಅಂಗಿಯ ಗುಂಡಿ ಹಾಕುತ್ತಿದ್ದವಳು ನಾನೇ. ಕಪ್ಪು ಕಾಳು ಆರಿಸಿ ತೆಗೆದ ಮೊರದ ಹಾಗೆ ಕಾಣುತ್ತಿದ್ದರು.

ಒಂದು ಮಧ್ಯಾಹ್ನ ಜಾವಳಿಯ ಕಡೆಯಿಂದ ಗಂಡ ಹೆಂಡತಿ ಬಂದರು. ಆ ಹೆಂಗಸಿನ ತಂಗಿಗೆ ಮಂಗಳೂರಿನಲ್ಲಿ ಕ್ಯಾನ್ಸರಿಗೆ ಕೀಮೋ ನಡೆಯುತ್ತಿತ್ತು.

“ರಕ್ತದ್ ಕೌಂಟು ಏರಿಲ್ಲಂತೆ. ಪ್ಲೇಟ್‌ಲೆಟ್ಟು ಕಮ್ಮಿ ಅಂತ ಮುಂದಿನ ಕೀಮೋ ಮುಂದಕ್ಕೆ ಹಾಕಿದಾರೆ” ಎಂದಳು ಆಕೆ. ಅಳು ತಡೆದುಕೊಂಡು ಮಾತಾಡುತ್ತಿದ್ದಳು. “ಈ ಎಲೆ ಕುಡ್ಸಿದ್ರೆ ಏರತ್ತೆ ಅಂದ್ರು. ನಿಮ್ಮನ್ನೇ ಕೇಳಿ ಅಂದ್ರು.”

ನಾನು ಇವರ ಮುಖ ನೋಡಿದೆ. ಮಂಗಳೂರಿನ ಡಾಕ್ಟರು ಹೇಳಿದ್ದನ್ನು ನನ್ನ ಪಕ್ಕದಲ್ಲೇ ಕೂತು ಕೇಳಿದವರು. ಈಗಲಾದರೂ ಬೇಡ ಎನ್ನುತ್ತಾರೆ ಎಂದುಕೊಂಡೆ.

“ಏರ್ದೆ ಎಲ್ಲಿ ಹೋಗತ್ತೆ? ನನ್ನನ್ನೇ ನೋಡಿ. ಗುಳಿಗೆ ಅರ್ಧಕ್ಕೆ ಇಳ್ದಿದೆ.”

“ಅಲ್ಲಿ ಡಾಕ್ಟ್ರನ್ನ ಕೇಳಿದೀರಾ? ಇದ್ರಿಂದ ಪ್ಲೇಟ್‌ಲೆಟ್ಟು ಇಳೀಬಹುದು ಅಂತ ನಮ್ಗೆ ಹೇಳಿದಾರೆ” ಎಂದೆ ನಾನು.

“ಇವ್ಳಿಗೆ ಎಲ್ಲದ್ರಲ್ಲೂ ಅನುಮಾನ. ತಲೆಗೆ ಹಚ್ಕೋಬೇಡಿ.” ಅತಿಥಿಗಳು ಸಂಕೋಚದಿಂದ ನಕ್ಕರು. ಬಿಳಿ ಅಂಗಿಯ ಯಜಮಾನರನ್ನು ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಗಸಿನ ಮಾತನ್ನು ಯಾರು ನಂಬುತ್ತಾರೆ? ಆಕೆ ಆಗಲೇ ಚೀಲ ಬಿಚ್ಚಿದ್ದಳು.

ಒಳಗೆ ಹೋಗಿ ಕಾಫಿ ಮಾಡಿದೆ. ನಮ್ಮ ಮನೆಯಲ್ಲಿ ಹಿರಿಯರು ಲೋಟ ಎತ್ತದೆ ಬಂದವರು ಎತ್ತುವುದಿಲ್ಲ. ಹೊರಗಿನವರ ಎದುರು ಇವರಿಗೆ ಕಾಫಿ ಕೊಡುವುದನ್ನು ನಾನು ಬಿಟ್ಟೇ ಬಹಳ ಕಾಲವಾಗಿತ್ತು. “ಈಗಷ್ಟೇ ಆಯ್ತು ಅವ್ರದ್ದು” ಎಂದು ನಾನೇ ಸುಳ್ಳು ಹೇಳುತ್ತಿದ್ದೆ. ಅವತ್ತು ಮೂರು ಲೋಟ ತುಂಬಿಸಿದೆ. ಇವರದ್ದನ್ನು ಅಂಚಿನವರೆಗೂ ತುಂಬಿಸಿ ತಂದು ಎದುರಿಗಿಟ್ಟೆ.

ಅವರು ಲೋಟ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅರ್ಥವಾಯಿತು. ಜಾವಳಿಯವರು ಕೈಕಟ್ಟಿ ಕಾಯುತ್ತಿದ್ದರು. “ತಗೊಳ್ಳಿ, ತಗೊಳ್ಳಿ” ಎಂದರು ಇವರು. “ನೀವು ಮೊದ್ಲು” ಎಂದರು ಅವರು. ನಾನು ಕಂಬಕ್ಕೊರಗಿ ನಿಂತೇ ಇದ್ದೆ.

ಶಾಲಿನ ಕೆಳಗಿನಿಂದ ಕೈ ಹೊರಗೆ ಬಂತು. ಲೋಟ ಮುಟ್ಟುವ ಮೊದಲೇ ನಡುಗುತ್ತಿತ್ತು. ಎತ್ತಿದ್ದೇ ತಡ ಕಾಫಿ ಬಿಳಿ ಅಂಗಿಯ ಮೇಲೆ, ಪಂಚೆಯ ಮೇಲೆ ಚೆಲ್ಲಿತು. ಎಡಗೈಯನ್ನೂ ತಂದು ಹಿಡಿಯಲು ನೋಡಿದರು. ಲೋಟ ಜಾರಿ ನೆಲದ ಮೇಲೆ ಉರುಳಿಕೊಂಡು ಹೋಗಿ ಆ ಹೆಂಗಸಿನ ಕಾಲ ಹತ್ತಿರ ನಿಂತಿತು. ಕೈ ಮಾತ್ರ ಲೋಟ ಇನ್ನೂ ಇದೆ ಎಂಬಂತೆ ಗಾಳಿಯಲ್ಲಿ ಅಲುಗುತ್ತಲೇ ಇತ್ತು.

“ಇದೂ ಒಂದು ರಿಪೋರ್ಟೇ. ಇದನ್ನೂ ನೋಡ್ಕೊಂಡು ಹೋಗಿ” ಎಂದೆ. ಮಂಗಳೂರಿನ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವಳ ತಂಗಿಗೆ ಆ ಎಲೆ ಕುಡಿಸಬೇಡಿ, ಕುಡಿಸುವುದೇ ಆದರೆ ಅವಳ ಡಾಕ್ಟರನ್ನು ಕೇಳದೆ ಕುಡಿಸಬೇಡಿ ಎಂದೆ. ಇವರು ಎಡಗೈಯಿಂದ ಬಲಗೈಯನ್ನು ಹಿಡಿದು ಶಾಲಿನ ಕೆಳಗೆ ಸೇರಿಸಲು ನೋಡುತ್ತಿದ್ದರು.

ಜಾವಳಿಯವರು ಕಾಫಿ ಮುಟ್ಟದೆ ಎದ್ದರು. ಖಾಲಿ ಚೀಲ ಬೆಂಚಿನ ಮೇಲೇ ಉಳಿಯಿತು. ಮಲ್ಲಂದೂರಿನ ಕಡೆ ಇನ್ನೊಂದು ಮರವಿದೆ ಎಂದು ಕೇಳಿದ್ದೇನೆ. ಅಲ್ಲಿಗೆ ಹೋದರೋ, ಮನೆಗೆ ಹೋದರೋ, ಆ ತಂಗಿಯ ಕೌಂಟು ಏರಿತೋ ಇಲ್ಲವೋ ನನಗೆ ತಿಳಿಯದು.

ಕಾರು ಹೋದ ಮೇಲೆ ಅಂಗಿ ಬಿಚ್ಚಲು ಹತ್ತಿರ ಹೋದೆ. ಎದೆಯ ಮೇಲೆ ಬಿಸಿ ತಾಗಿ ಕೆಂಪಾಗಿತ್ತು. ಅವರು ನನ್ನ ಕೈಯನ್ನು ತಳ್ಳಲಿಲ್ಲ. “ಎಲ್ರೆದುರಿಗೆ ನನ್ನ ಮೂಟೆ ಬಿಚ್ಚಿ ಸುರುವಿದ್ಯಲ್ಲೇ” ಎಂದರು, ಅಷ್ಟೇ.

ಅವತ್ತಿನಿಂದ ಕಷಾಯ ನಿಂತಿದೆ. ನನ್ನ ಮಾತಿಗಲ್ಲ, ಡಾಕ್ಟರ ಮಾತಿಗೂ ಅಲ್ಲ. ಸುದ್ದಿ ಹಬ್ಬಿ ಕೇಳಿಕೊಂಡು ಬರುವವರು ನಿಂತರು, ಅದಕ್ಕೆ. ಹಣ್ಣು ಮತ್ತೆ ಬಾವಲಿಯ ಪಾಲಾಗಿದೆ. ಶುಗರ್ ಈಗ ಸ್ವಲ್ಪ ಹೆಚ್ಚೇ ಬರುತ್ತದೆ, ಗುಳಿಗೆ ಮೊದಲಿನಷ್ಟಾಗಿದೆ. ರಿಪೋರ್ಟು ಕೆಟ್ಟದಾಗಿದ್ದರೂ ಅದು ನಿಜದ್ದು. ಕೈಯ ನಡುಕ ಹಾಗೆಯೇ ಇದೆ. ಕಾಯಬೇಕು ಎನ್ನುತ್ತಾರೆ ಮಂಗಳೂರಿನಲ್ಲಿ. ಯಾವುದಕ್ಕೆ ಕಾಯಬೇಕೆಂದು ಅವರೂ ಹೇಳುವುದಿಲ್ಲ.

ನಾನು ಮಾಡಿದ್ದು ಕ್ರೂರ ಎಂದು ಹೇಳಿದವರಿದ್ದಾರೆ. ಆ ಹೆಂಗಸು ನಾಳೆ ಮತ್ತೆ ಚೀಲ ಹಿಡಿದು ಬಂದರೆ ಮತ್ತೆ ಹಾಗೆಯೇ ಇವರ ಲೋಟ ತುಂಬಿಸಿ ಕೊಡುತ್ತೇನೆ. ಆದರೆ ಗೆದ್ದೆ ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ನನ್ನೊಡನೆ ಜಗಳವಾಡುತ್ತಿದ್ದ ಮನುಷ್ಯ ಈಗ ಜಗಳವಾಡುವುದಿಲ್ಲ. ಕಾಫಿ ಬೆಳೆಯುವ ಮನೆಯಲ್ಲಿ ಯಾರಿಗಾದರೂ ಅರ್ಧ ಲೋಟ ಕೊಡುವುದೆಂದರೆ ಅವಮಾನ ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಅವರ ಮಗನಿಗೆ ನಾನೀಗ ದಿನವೂ ಅರ್ಧ ಲೋಟವನ್ನೇ ಕೊಡುತ್ತೇನೆ, ಬಿಸಿ ಆರಿಸಿ ಕೊಡುತ್ತೇನೆ. ಅದನ್ನವರು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ನೋಡದೆ, ಕುಡಿಯುತ್ತಾರೆ.